ಒಂಟೆ ಹಾಲಿಗೆ ಹೆಪ್ಪು ಹಾಕಿದ ಕಥೆ

ಮುಸಫ್ಫಾಗೆ ಬಂದು ಆರು ವರ್ಷ ಆಗಿತ್ತು. ಅಬುಧಾಬಿ ಪಕ್ಕದ ಈ ಕೈಗಾರಿಕಾ ಪ್ರದೇಶದಲ್ಲಿ ನಾನು ಎಲೆಕ್ಟ್ರಿಷಿಯನ್. ಊರಿಗೆ ಫೋನ್ ಮಾಡಿದಾಗೆಲ್ಲ ಅವ್ವ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದಳು. "ಒಂಟಿ ನೋಡಿದೇನಪಾ?" ನೋಡಿದ್ದೆ. ಕಂಪನಿ ಬಸ್ಸಿನ ಕಿಟಕಿಯಿಂದ, ರಸ್ತೆ ಬೇಲಿಯಾಚೆ, ದೂರದಲ್ಲಿ ನಾಲ್ಕು ಚುಕ್ಕಿ. ಅದನ್ನ ನೋಡಿದ್ದು ಅನ್ನೋಕೆ ಆಗುತ್ತಾ? ಅದಕ್ಕಿಂತ ಒಂದನೇ ಕ್ಲಾಸಿನಲ್ಲಿ 'ಒ ಒಂಟೆ' ಅಂತ ತಿದ್ದುವಾಗ ನೋಡಿದ ಚಿತ್ರವೇ ಎಷ್ಟೋ ಹತ್ತಿರದ್ದು.

ಅಲ್ ಐನ್‌ನಲ್ಲಿ ಪುತ್ತೂರಿನ ಅಣ್ಣ ಒಬ್ಬರಿದ್ದಾರೆ. ಅಲ್ಲಿನ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸ. ವಾರಕ್ಕೊಮ್ಮೆ ಪಿಕಪ್‌ನಲ್ಲಿ ಅಕ್ಕಿ, ಹಿಟ್ಟು, ಗ್ಯಾಸ್ ಸಿಲಿಂಡರ್ ಹೇರಿಕೊಂಡು ಮರಳುಗಾಡಿನ ಒಂಟೆ ಕೊಟ್ಟಿಗೆಗಳಿಗೆ ಮುಟ್ಟಿಸುತ್ತಾರೆ. ಆ ಕೊಟ್ಟಿಗೆಗಳಿಗೆ ಇಲ್ಲಿ 'ಇಜ್ಬಾ' ಅಂತಾರೆ. 2024ರ ನ್ಯಾಷನಲ್ ಡೇಗೆ ಶನಿವಾರ, ಭಾನುವಾರ ಸೇರಿ ನಾಲ್ಕು ದಿನ ರಜೆ ಸಿಕ್ಕಿತ್ತು. ಫೋನಿನಲ್ಲಿ ಅಣ್ಣ, "ಸುಮ್ನೆ ರೂಮಲ್ಲಿ ಮಲಗಿ ಎಂತ ಮಾಡ್ತೀರಿ ಮಾರಾಯ್ರೆ, ಬನ್ನಿ ನನ್ನೊಟ್ಟಿಗೆ" ಅಂದರು. ರೂಮ್‌ಮೇಟ್ ದಾವಣಗೆರೆಯವನು, ಅವನ ಹತ್ತಿರ ಒಂದು ಹಳೇ ಕಾರಿದೆ. ಅವ್ವ ಕಳಿಸಿದ್ದ ಕಡಕ್ ರೊಟ್ಟಿ 30, ಶೇಂಗಾ ಚಟ್ನಿಪುಡಿ ಒಂದು ಡಬ್ಬಿ. ಇಷ್ಟೇ ನಮ್ಮ ತಯಾರಿ.

ಮೊದಲ ದಿನ, ನವೆಂಬರ್ 30

ಮುಸಫ್ಫಾದಿಂದ ಅಲ್ ಐನ್‌ಗೆ ಎರಡು ಗಂಟೆ ಸಾಕು. ರಸ್ತೆ ನೇರ, ನಿದ್ದೆ ಬರುವಷ್ಟು ನೇರ. ದುಬೈ ಕಡೆಯಿಂದ ಬರುವವರು ಇಲ್ಲೇ ಏಮಾರೋದು. ಅಲ್ಲಿ ಬೋರ್ಡಿನಲ್ಲಿ ಬರೆದ ವೇಗಕ್ಕಿಂತ 20 ಜಾಸ್ತಿ ಓಡಿಸಿದರೂ ರಡಾರ್ ಕ್ಯಾಮೆರಾ ಸುಮ್ಮನಿರುತ್ತದೆ. ಅಬುಧಾಬಿಯಲ್ಲಿ 120 ಅಂದ್ರೆ 120. ನನ್ನ ರೂಮ್‌ಮೇಟ್‌ಗೆ ಆ ಚಿಂತೆ ಇಲ್ಲ, ಅವನ ಕಾರು 100 ದಾಟಿದರೆ ಡ್ಯಾಶ್‌ಬೋರ್ಡ್ ನಡುಗುತ್ತದೆ.

ಅಲ್ ಐನ್ ಹಸಿರು ಊರು. ಖರ್ಜೂರದ ತೋಟಗಳ ನಡುವೆ ಗೋಡೆ ಕಟ್ಟಿದ ಓಣಿಗಳು, ಪಕ್ಕದಲ್ಲೇ ಹರಿಯುವ ಸಣ್ಣ ಕಾಲುವೆ. ಇದಕ್ಕೆ ಫಲಜ್ ಅಂತ ಹೆಸರು. ನೆಲದಡಿಯ ನೀರನ್ನು ದೂರದಿಂದ ತಂದು ತೋಟಗಳಿಗೆ ಸರದಿ ಮೇಲೆ ಬಿಡುವ ಏರ್ಪಾಡು ಇದು. 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಓಯಸಿಸ್ ನೋಡೋಕೆ ಟಿಕೆಟ್ ಇಲ್ಲ. ಆರು ವರ್ಷದಲ್ಲಿ ಕಿವಿಗೆ ಹರಿಯುವ ನೀರಿನ ಸದ್ದು ಬಿದ್ದದ್ದು ಇದೇ ಮೊದಲು ಇರಬೇಕು, ನಾನು ಅರ್ಧ ಗಂಟೆ ಅಲ್ಲೇ ಕೂತುಬಿಟ್ಟೆ.

ಮಧ್ಯಾಹ್ನ ಒಂಟೆ ಸಂತೆಗೆ ಹೋದೆವು. ಹೆಬ್ಬಾಗಿಲಿನಲ್ಲೇ ಇಬ್ಬರು ಹುಡುಗರು ಬೆನ್ನು ಬಿದ್ದರು. ಫೋಟೋ ತೆಗೆಯಿರಿ, ಮರಿ ಮುಟ್ಟಿ ನೋಡಿ ಅಂತ ಕರೀತಾರೆ, ಆಮೇಲೆ 50 ದಿರ್ಹಮ್ ಅಂತಾರೆ. ಮೊದಲೇ ಕೇಳಿಕೊಂಡರೆ ಜಗಳ ಇಲ್ಲ, ನಾವು ಕೇಳಿರಲಿಲ್ಲ, 20ಕ್ಕೆ ಮುಗಿಸಿದೆವು. ಒಳಗೆ ಸಾಲು ಸಾಲು ಕಬ್ಬಿಣದ ದೊಡ್ಡಿ. ಕಪ್ಪು, ಕಂದು, ಹಾಲು ಬಿಳಿ. ಕೊಂಡವರು ಒಂಟೆಯ ಕಾಲು ಮಡಿಸಿ ಹಗ್ಗ ಬಿಗಿದು ಪಿಕಪ್‌ನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಅದು ಮದುವೆ ದಿಬ್ಬಣದ ಬೀಗರ ಹಾಗೆ ಕತ್ತು ಎತ್ತಿ ಆಕಡೆ ಈಕಡೆ ನೋಡುತ್ತಾ ಕೂತಿರುತ್ತದೆ. ಒಬ್ಬ ವ್ಯಾಪಾರಿ ನಮ್ಮನ್ನು ಗಿರಾಕಿ ಅಂತಲೇ ತಿಳಿದು ಒಂದು ಮರಿಯ ತುಟಿ ಎತ್ತಿ ಹಲ್ಲು ತೋರಿಸಿದ. ನಮ್ಮಪ್ಪ ರಾಣೆಬೆನ್ನೂರು ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಿದ್ದದ್ದೂ ಹೀಗೇ. ಮಾಂಸಕ್ಕೆ ಹೋಗುವ ಮರಿಗೆ ಸಾವಿರಗಳ ಲೆಕ್ಕ, ಓಟದ ತಳಿಗೆ ಲಕ್ಷಗಳ ಲೆಕ್ಕ, ಅದೂ ದಿರ್ಹಮ್‌ನಲ್ಲಿ.

ಸಂಜೆ ಜಬಲ್ ಹಫೀತ್ ಹತ್ತಿದೆವು. 12 ಕಿಲೋಮೀಟರ್ ಘಾಟಿ, 60 ತಿರುವು, ಒಂದು ಮರ ಇಲ್ಲ. ಆಗುಂಬೆ ನೋಡಿದವರಿಗೆ ಇದು ಬೋಳು ತಲೆಯ ಆಗುಂಬೆ. ಮೇಲೆ ಗಾಳಿ ಎಷ್ಟಿತ್ತು ಅಂದ್ರೆ ಕೈಯಲ್ಲಿದ್ದ ಕಡಕ್ ಚಾಯ್ ಕಪ್ಪಿನಿಂದ ಹಾರಿ ನನ್ನ ಅಂಗಿಯ ಮೇಲೆ ಬಿತ್ತು.

ಎರಡನೇ ದಿನ, ಡಿಸೆಂಬರ್ 1

ಬೆಳಿಗ್ಗೆ ಆರಕ್ಕೆ ಅಣ್ಣನ ಪಿಕಪ್. ತಿಂಡಿಗೆ ರಗಾಗ್. ಕಾದ ಹೆಂಚಿನ ಮೇಲೆ ಹಿಟ್ಟು ಸವರಿ, ಮೊಟ್ಟೆ, ಚೀಸ್ ಹಾಕಿ ಮಡಚಿ ಕೊಡುತ್ತಾರೆ, ಕಾಗದದಷ್ಟು ತೆಳ್ಳಗೆ, ಗರಿಗರಿ. ಅಲ್ ಐನ್‌ನಿಂದ ದಕ್ಷಿಣಕ್ಕೆ 70-80 ಕಿಲೋಮೀಟರ್ ಹೋದರೆ ಅಲ್ ವಗನ್, ಅದರಾಚೆ ಅಲ್ ಕುವಾ, ಅದರಾಚೆ ಮರಳು ಬಿಟ್ಟರೆ ಏನೂ ಇಲ್ಲ. ಅಲ್ ವಗನ್‌ನಲ್ಲಿ ಟ್ಯಾಂಕ್ ತುಂಬಿಸಿ ನೀರಿನ ಬಾಟಲಿ ಹಾಕಿಕೊಳ್ಳಿ, ಮುಂದೆ ಫೋನಿನ ಸಿಗ್ನಲ್ಲೂ ಬಂದರೆ ಬಂತು.

ಡಾಂಬರು ಬಿಟ್ಟು ಮರಳಿಗೆ ಇಳಿಯುವ ಮುಂಚೆ ಅಣ್ಣ ನಾಲ್ಕೂ ಚಕ್ರದ ಗಾಳಿ 15ಕ್ಕೆ ಇಳಿಸಿದರು. ಎಲ್ಲ ಸರಿಯಾಗೇ ಇತ್ತು. ನಾನು ಒಂದು ಫೋಟೋ ಅಂದೆ. ಅಣ್ಣ ನಿಲ್ಲಿಸಿದರು, ನಾವು ಫೋಟೋ ತೆಗೆದೆವು, ಗಾಡಿ ಹತ್ತಿದೆವು, ಗಾಡಿ ಹೊರಡಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರ ಬಾವಿ ತೋಡುತ್ತಿತ್ತು. ಕೈಯಲ್ಲಿ ಮರಳು ಬಗೆದು, ಬಿಸ್ಕೆಟ್ ರಟ್ಟಿನ ಪೆಟ್ಟಿಗೆ ಹರಿದು ಚಕ್ರದ ಕೆಳಗೆ ಕೊಟ್ಟರೆ ಆ ರಟ್ಟು ಹಿಂದಕ್ಕೆ ಹಾರಿ ರೂಮ್‌ಮೇಟ್ ಮೂತಿಗೆ ಬಡಿಯಿತು.

ಮುಕ್ಕಾಲು ಗಂಟೆಯಾದ ಮೇಲೆ ದಿಬ್ಬದ ಮೇಲಿಂದ ಒಬ್ಬರು ಸಲಿಕೆ ಹೆಗಲಿಗಿಟ್ಟು ಆರಾಮಾಗಿ ಇಳಿದು ಬಂದರು. ಇಂಜಿನ್ ಕಿರುಚೋದು ಇಜ್ಬಾವರೆಗೂ ಕೇಳುತ್ತಿತ್ತಂತೆ. ಪಠಾಣಿ ಸೂಟು, ತಲೆಗೆ ಸುತ್ತಿದ ಬಟ್ಟೆ, ನನ್ನದೇ ವಯಸ್ಸು ಇರಬೇಕು, 35-36. ಉರ್ದುವಿನಲ್ಲಿ, "ನಿಲ್ಲಿಸಲೇಬೇಕು ಅಂದ್ರೆ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸಬೇಕು ಭಾಯ್" ಅಂದರು. ಹತ್ತು ನಿಮಿಷದಲ್ಲಿ ಗಾಡಿ ಮೇಲೆ ಬಂತು. ಆ ಮಾತು ನಾನು ಬರೆದಿಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ.

ಅವರು ಪಾಕಿಸ್ತಾನದ ರಹೀಮ್ ಯಾರ್ ಖಾನ್ ಕಡೆಯವರು, ಚೋಲಿಸ್ತಾನ್ ಮರುಭೂಮಿಯ ಅಂಚು. ಇಜ್ಬಾದಲ್ಲಿ ಸುಮಾರು 60 ಒಂಟೆ, ನೋಡಿಕೊಳ್ಳೋಕೆ ಇವರೂ ಸೇರಿ ಮೂರು ಜನ. ಪೈಪ್ ಬೇಲಿಯ ದೊಡ್ಡಿಗಳು, ನೀರಿನ ಟ್ಯಾಂಕ್, ಒಂದು ಪೋರ್ಟಾ ಕ್ಯಾಬಿನ್, ಹುಲ್ಲಿನ ಪೆಂಡಿಗಳು. ಇಲ್ಲಿ ಜತ್ ಅನ್ನುವ ಹಸಿರು ಮೇವು ನಮ್ಮ ಕುದುರೆ ಮಸಾಲೆ ಹುಲ್ಲೇ. ಒಂಟೆಗಳ ಕೆನ್ನೆ, ತೊಡೆಯ ಮೇಲೆ ಬರೆ ಎಳೆದ ಗುರುತು, ಅದನ್ನ 'ವಸ್ಮ್' ಅಂತಾರೆ, ನೋಡಿದ ಕೂಡಲೇ ಯಾವ ಮನೆತನದ್ದು ಅಂತ ಗೊತ್ತಾಗುತ್ತದೆ.

ಅಂಗಳದಲ್ಲಿ ಮೂರು ಮರ ಇದ್ದವು. ಒಂಟೆಗಳು ಕತ್ತು ಚಾಚುವಷ್ಟು ಎತ್ತರದವರೆಗೂ ಮೇದು ಬಿಟ್ಟಿದ್ದರಿಂದ ಕೆಳಭಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಸಪಾಟು. ಎಲೆ ಕಿತ್ತು ನೋಡಿದೆ, ಎಲ್ಲೋ ನೋಡಿದ ಎಲೆ. ಅರಬರು ಇದಕ್ಕೆ ಗಾಫ್ ಅಂತಾರೆ, ಎಮಿರೇಟ್ಸ್‌ನ ರಾಷ್ಟ್ರೀಯ ಮರ. "ನಮ್ಮಲ್ಲಿ ಜಂಡ್" ಅಂದರು ಆ ಭಾಯ್. ಜಂಡ್, ಗಾಫ್, ರಾಜಸ್ಥಾನದ ಖೇಜಡಿ, ಎಲ್ಲಾ ಒಂದೇ ಮರ. ನಮ್ಮಲ್ಲಿ ಅದು ಬನ್ನಿ! ದಸರಾ ದಿನ ಊರೆಲ್ಲ ತಿರುಗಿ "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಹಿರಿಯರ ಕೈಗೆ ಇಡುತ್ತಿದ್ದ ಎಲೆ. ಆರು ದಸರಾ ತಪ್ಪಿಸಿಕೊಂಡವನು ಡಿಸೆಂಬರ್‌ನಲ್ಲಿ ಎರಡು ಎಲೆ ಕಿತ್ತು ಆ ಭಾಯ್ ಕೈಗೆ, ಪುತ್ತೂರಿನ ಅಣ್ಣನ ಕೈಗೆ ಕೊಟ್ಟೆ. ಯಾಕೆ ಅಂತ ಹಿಂದಿಯಲ್ಲಿ ವಿವರಿಸೋಕೆ ಒದ್ದಾಡಿದೆ. ಭಾಯ್ ಎಲೆಯನ್ನ ಜೇಬಿಗಿಟ್ಟುಕೊಂಡರು, ಅಣ್ಣ ಹಿಂದೆ ನಿಂತಿದ್ದ ಒಂಟೆಗೆ ತಿನ್ನಿಸಿದರು.

ಈ ಗಲಾಟೆಯಲ್ಲಿ ಪಿಕಪ್ ಹಿಂಬದಿ ಮರೆತಿದ್ದೆವು. ಕರುಂ ಕರುಂ ಸದ್ದು ಕೇಳಿ ತಿರುಗಿದರೆ ಒಂದು ಹೆಣ್ಣೊಂಟೆ ನಮ್ಮ ಬ್ಯಾಗಿಗೆ ಬಾಯಿ ಹಾಕಿ ಅವ್ವನ ಜೋಳದ ರೊಟ್ಟಿ ತಿನ್ನುತ್ತಿದೆ. ಕೆಳದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಮೇಲ್ತುಟಿ ಸೀಳಿದೆ, ಎರಡು ಭಾಗವೂ ಎರಡು ಬೆರಳಿನ ಹಾಗೆ ಬೇರೆ ಬೇರೆ ಆಡಿ ಚೂರನ್ನು ಒಳಗೆ ತಳ್ಳುತ್ತದೆ. ಕಣ್ಣಿಗೆ ಎರಡು ಸಾಲು ರೆಪ್ಪೆ. ಗಾಳಿ ಬೀಸಿದಾಗ ಮೂಗಿನ ಹೊಳ್ಳೆ ಚೀಲದ ಬಾಯಿಯ ಹಾಗೆ ಮುಚ್ಚಿಕೊಳ್ಳುತ್ತದೆ. ಇದನ್ನೆಲ್ಲ ನೋಡುತ್ತಾ ನಿಂತು ರೊಟ್ಟಿ ಬಿಡಿಸಿಕೊಳ್ಳೋದೇ ಮರೆತೆ. ಉಳಿದಿದ್ದು 11. ಜೋಳದ ಕಣಿಕೆ ತಿನ್ನುವ ಎಮ್ಮೆಗೂ ಇಷ್ಟು ರುಚಿ ಗೊತ್ತಿರಲಿಕ್ಕಿಲ್ಲ.

ಕೊನೆಯ ದೊಡ್ಡಿಯಲ್ಲಿ ಒಂದೇ ಒಂದು ಗಂಡು. ಚಳಿಗಾಲದಲ್ಲಿ ಅವಕ್ಕೆ ಮದ ಬರುತ್ತದೆ, ಹತ್ತಿರ ಹೋಗಬೇಡಿ ಅಂದಿದ್ದರು. ನಾನು ಬೇಲಿ ಹತ್ತಿರ ಹೋದೆ. ಗುಳುಗುಳು ಸದ್ದು ಮಾಡಿ ಬಾಯಿಯ ಪಕ್ಕದಿಂದ ಕೆಂಪನೆಯ ಬಲೂನಿನಂಥದ್ದು ಹೊರಗೆ ಜೋತು ಬಿತ್ತು, ಸುತ್ತ ನೊರೆ. ನಾಲಿಗೆ ಕಿತ್ತು ಬಂತು ಅಂತ ನಾನು ಕೂಗಿಬಿಟ್ಟೆ. ಅದು ನಾಲಿಗೆ ಅಲ್ವಂತೆ, ಬಾಯೊಳಗಿನ ಅಂಗುಳದ ಮೆತ್ತನೆ ಭಾಗ, ಹೆಣ್ಣಿನ ಮುಂದೆ ಮೆರೆಯೋಕೆ ಹಾಗೆ ಊದಿಸಿ ತೋರಿಸುತ್ತದೆ.

ಸಂಜೆ ಹಾಲು ಕರೆಯೋದು. ನಾನು ಎರಡು ಎಮ್ಮೆ ಇದ್ದ ಮನೆಯಲ್ಲಿ ಬೆಳೆದವನು, ಡೇರಿಗೆ ಹಾಲು ಹಾಕಿ ಫ್ಯಾಟ್ ಎಷ್ಟು ಬಂತು ಅಂತ ಅಪ್ಪನಿಗೆ ವರದಿ ಒಪ್ಪಿಸಿದವನು. ಹಾಗಾಗಿ ಹಿಂಡೋದು ನಂಗೂ ಬರುತ್ತೆ ಅಂತ ಒಳಗೊಳಗೇ ಗರ್ವ ಇತ್ತು. ಕೆಚ್ಚಲಿಗೆ ಕಟ್ಟಿದ್ದ ಬಲೆ ಬಿಚ್ಚಿ ಮೊದಲು ಮರಿ ಬಿಟ್ಟರು. ಮರಿ ಚೀಪಿದ ಮೇಲೆ ತಾಯಿ ಸೊರ ಬಿಡುತ್ತದೆ, ಅಂದ್ರೆ ಹಾಲು ಇಳಿಸುತ್ತದೆ, ಅದೂ ಒಂದೆರಡು ನಿಮಿಷ ಮಾತ್ರ. ಭಾಯ್ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಪಾದ ಮೊಣಕಾಲಿಗೆ ಒತ್ತಿ, ಆ ತೊಡೆಯ ಮೇಲೆ ಬೋಗುಣಿ ಇಟ್ಟು ಎರಡೂ ಕೈಯಲ್ಲಿ ಹಿಂಡಿದರು. ಬೋಗುಣಿ ಅಲುಗಲಿಲ್ಲ. ನಾನು ನಿಂತೆ, ಬಿದ್ದೆ. ಒಂಟೆ ಕತ್ತು ಹಿಂದಕ್ಕೆ ತಿರುಗಿಸಿ ಕೆಳಗೆ ಬಿದ್ದವನನ್ನ ಒಂದು ಸಲ ನೋಡಿ ಮತ್ತೆ ಮುಂದೆ ನೋಡಿತು. ಅದು ಬೈದಿದ್ದರೂ ಇಷ್ಟು ಅವಮಾನ ಆಗುತ್ತಿರಲಿಲ್ಲ.

ಹಾಲು ತೆಳು, ನೊರೆ ಜಾಸ್ತಿ, ಸ್ವಲ್ಪ ಉಪ್ಪುಪ್ಪು. ನಾನು ಕಾಯಿಸಿ ಕುಡಿದೆ. 2012ರಲ್ಲಿ ಸೌದಿಯಲ್ಲಿ ಗೊತ್ತಾದ ಮರ್ಸ್ ಕಾಯಿಲೆ ಒಂಟೆಯಿಂದ ಜನರಿಗೆ ಹರಡುತ್ತದೆ, ಹಸಿ ಹಾಲು ಬೇಡ, ಮುಟ್ಟಿದ ಮೇಲೆ ಕೈ ತೊಳೆಯಿರಿ ಅಂತ ನಮ್ಮ ಸೈಟಿನಲ್ಲೂ ಹೇಳಿದ್ದರು. ರೂಮ್‌ಮೇಟ್ ಕೇಳಲಿಲ್ಲ. ಶಕ್ತಿ ಬರುತ್ತೆ ಅಂತ ಎರಡು ಬಟ್ಟಲು ಹಸಿ ಹಾಲು ಇಳಿಸಿದ.

ಕತ್ತಲಾಗುವಾಗ ಅರ್ಬಾಬ್ ಬಂದರು, ಅಂದ್ರೆ ಧಣಿ. ಮುರುಕು ಹಿಂದಿಯಲ್ಲಿ ಚೆನ್ನಾಗೇ ಮಾತಾಡಿದರು. ಒಂದು ಕಂದು ಒಂಟೆಯ ಹೆಸರು ಹಿಡಿದು ಕರೆದರು, ಅದು ಬಂದು ಅವರ ಭುಜದ ಮೇಲೆ ಗದ್ದ ಇಟ್ಟಿತು. ಖರ್ಜೂರ, ಗಹ್ವಾ ಕೊಟ್ಟರು, ಗಹ್ವಾ ಅಂದ್ರೆ ಅರಬರ ಕಾಫಿ. ಚಿಕ್ಕ ಬಟ್ಟಲು ಖಾಲಿಯಾದ ಕೂಡಲೇ ಮತ್ತೆ ತುಂಬುತ್ತಾರೆ. ಸಾಕು ಅಂದರೆ ಸಾಲದು, ಬಟ್ಟಲನ್ನ ಮೆಲ್ಲಗೆ ಅಲುಗಾಡಿಸಿ ವಾಪಸ್ ಕೊಡಬೇಕು. ನನಗದು ಗೊತ್ತಾಗುವಷ್ಟರಲ್ಲಿ ಏಳು ಬಟ್ಟಲು ಆಗಿತ್ತು. ರಾತ್ರಿ ನಿದ್ದೆ ಬರದಿದ್ದಕ್ಕೆ ಅದೂ ಒಂದು ಕಾರಣ.

ಊಟಕ್ಕೆ ಅವರ ಗೋಧಿ ರೊಟ್ಟಿ, ದಾಲು. ನಮ್ಮ ಉಳಿದ ಜೋಳದ ರೊಟ್ಟಿ, ಚಟ್ನಿಪುಡಿಯನ್ನೂ ಮುಂದಿಟ್ಟೆವು. ನಾನು ಎಲೆಕ್ಟ್ರಿಷಿಯನ್ ಅಂತ ಅಣ್ಣ ಹೇಳಿದ್ದೇ ತಡ, ಭಾಯ್ ಕ್ಯಾಬಿನ್‌ನಿಂದ ಒಂದು ಸಾಮಾನು ತಂದರು. ಸಣ್ಣ ಗೊಂಬೆಯ ಗಾತ್ರ, ರೇಷ್ಮೆ ಅಂಗಿ, ಒಂದು ಪಕ್ಕಕ್ಕೆ ಚಾವಟಿ. ಓಟದ ಒಂಟೆಯ ಬೆನ್ನ ಮೇಲೆ ಸವಾರನ ಬದಲು ಕಟ್ಟುವ ರೋಬೋಟ್. ಚಾವಟಿ ತಿರುಗುತ್ತಿರಲಿಲ್ಲ. ಬಿಚ್ಚಿದೆ. ಒಳಗೆ ನಾವು ದಿನಾ ಗೋಡೆ ಕೊರೆಯುವ ಡ್ರಿಲ್ಲಿನದೇ ಮೋಟರ್! ಬ್ಯಾಟರಿ, ರಿಸೀವರ್, ಧಣಿಯ ದನಿ ಒಂಟೆಗೆ ಕೇಳಿಸೋಕೆ ಒಂದು ವಾಕಿಟಾಕಿ. ಕಾರ್ಬನ್ ಬ್ರಷ್ ಸವೆದಿತ್ತು. ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ರೋಬೋಟಿನದು ತೆಗೆದು ಹಾಕಿದೆ. ಭರ್ರ್ ಅಂತ ಚಾವಟಿ ತಿರುಗಿ ದಾಲಿನ ಪಾತ್ರೆಗೆ ಬಡಿಯಿತು. ಎಲ್ಲರೂ ನಕ್ಕೆವು.

ಭಾಯ್ ಗೊಂಬೆಯ ಅಂಗಿ ಸರಿ ಮಾಡುತ್ತಾ, "ಇದರ ಕೆಲಸ ಮೊದಲು ನಂದಾಗಿತ್ತು" ಅಂದರು.

ತಮಾಷೆ ಅಂದುಕೊಂಡೆ. ಎಷ್ಟು ವಯಸ್ಸಿನಲ್ಲಿ ಅಂತ ಕೇಳಿದೆ. "ಹಾಲು ಹಲ್ಲು ಬಿದ್ದಿರಲಿಲ್ಲ." ಊರಿನಿಂದ ಯಾರೋ ಕರೆತಂದರಂತೆ. ಜೊತೆಗೆ ಬಾಂಗ್ಲಾದ ಹುಡುಗರೂ ಇದ್ದರಂತೆ. ತೂಕ ಏರಬಾರದು ಅಂತ ರಾತ್ರಿ ರೊಟ್ಟಿ ಕೊಡುತ್ತಿರಲಿಲ್ಲ. ಒಂಟೆಗೆ ಹಾಕಿದ ಖರ್ಜೂರ ಕದ್ದು ತಿನ್ನುತ್ತಿದ್ದೆವು ಅಂದರು. ತೂಕ ಏರಿದ ಮೇಲೆ ಊರಿಗೆ ಕಳಿಸಿದರು. 2005ರಲ್ಲಿ ಕಾನೂನೇ ಬಂತು, 18 ವರ್ಷದ ಒಳಗಿನವರನ್ನ ಓಟದ ಒಂಟೆ ಮೇಲೆ ಕೂರಿಸುವ ಹಾಗಿಲ್ಲ ಅಂತ. ಇಲ್ಲಿದ್ದ ನೂರಾರು ಮಕ್ಕಳು ಯೂನಿಸೆಫ್ ನೆರವಿನಲ್ಲಿ ತಮ್ಮ ತಮ್ಮ ದೇಶಕ್ಕೆ ವಾಪಸಾದರು. ರೋಬೋಟ್ ಬಂದಿದ್ದು ಆಗಲೇ. ಇವರು ದೊಡ್ಡವರಾಗಿ ತಾವೇ ವೀಸಾ ಮಾಡಿಸಿಕೊಂಡು ಮತ್ತೆ ಬಂದರು. ಯಾಕೆ ಅಂದೆ. "ಒಂಟೆ ಬಿಟ್ಟು ನಂಗೆ ಬೇರೇನು ಗೊತ್ತು?" ಅಂದವರು, ಮಾತು ಅಲ್ಲಿಗೇ ಬಿಟ್ಟು, ಕ್ಯಾಬಿನ್ನಿನ ಪ್ಲಗ್ ಕಿಡಿ ಹಾರಿಸುತ್ತೆ, ಅದನ್ನೂ ನೋಡಿ ಅಂದರು. ನೋಡಿದೆ. ಒಂದು ಸ್ಕ್ರೂ ಸಡಿಲ ಇತ್ತು.

ಅವತ್ತು ಅಮಾವಾಸ್ಯೆ. ಅಲ್ ಕುವಾ ಕಡೆಗೆ ನಕ್ಷತ್ರ ನೋಡೋಕಂತಲೇ ದುಬೈಯಿಂದ ಕಾರು ಕಟ್ಟಿಕೊಂಡು ಬರುತ್ತಾರೆ, ಊರಿನ ದೀಪಗಳ ಬೆಳಕು ಇಲ್ಲಿಗೆ ಮುಟ್ಟೋದಿಲ್ಲ. ಆಕಾಶಗಂಗೆ ದಟ್ಟವಾಗಿ ಕಾಣೋದು ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಿ ಬಂದರೆ ಕೃತ್ತಿಕೆ, ಮಹಾವ್ಯಾಧ. ಚಳಿ ಚೆನ್ನಾಗೇ ಇರುತ್ತೆ, ಸ್ವೆಟರ್ ತರದೆ ನಾನು ಒಂಟೆಗೆ ಹೊದಿಸುವ ಕಂಬಳಿ ಹೊದ್ದು ಕೂತಿದ್ದೆ. ರಾತ್ರಿಯಿಡೀ ನನ್ನ ಜೊತೆ ಎಚ್ಚರವಿದ್ದವನು ರೂಮ್‌ಮೇಟ್ ಒಬ್ಬನೇ, ಆದರೆ ನಕ್ಷತ್ರಕ್ಕಾಗಿ ಅಲ್ಲ. ಎರಡು ಬಟ್ಟಲು ಹಸಿ ಹಾಲು. ಟಾರ್ಚ್ ಹಿಡಿದು ದಿಬ್ಬದಾಚೆ ನಾಲ್ಕು ಸಲ ಹೋಗಿ ಬಂದ.

ಮೂರನೇ ದಿನ, ಡಿಸೆಂಬರ್ 2

ಎದ್ದರೆ ಮಂಜು. ಕೊಡಗಿನಂಥ ಮಂಜು, ಮರಳುಗಾಡಿನಲ್ಲಿ! ಹತ್ತು ಹೆಜ್ಜೆ ಆಚೆಯ ಒಂಟೆ ಕಾಣದು, ಅದರ ಮೆಲುಕಿನ ಸದ್ದು ಮಾತ್ರ. ಭಾಯ್ ಎರಡು ನೀರಿನ ಬಾಟಲಿ ತುಂಬ ಹಾಲು ಕೊಟ್ಟರು. ಕಾಸು ಕೊಡೋಕೆ ಹೋದರೆ ರೋಬೋಟ್ ತೋರಿಸಿ ತಲೆ ಅಲ್ಲಾಡಿಸಿದರು. ಅಣ್ಣನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಇಟ್ಟುಕೊಂಡೆವು.

ಅಲ್ ಐನ್‌ನಲ್ಲಿ ಕಾರು ಹತ್ತಿ ಅಬುಧಾಬಿ ರಸ್ತೆ ಹಿಡಿದಾಗಲೂ ಮಂಜು ಪೂರ್ತಿ ಕರಗಿರಲಿಲ್ಲ. ಇಂಥ ಹೊತ್ತಿನಲ್ಲಿ ಬೋರ್ಡಿನಲ್ಲಿ 80 ಅಂತ ಮಿನುಗುತ್ತದೆ, ಅದನ್ನ ಮೀರಿದರೂ ದಂಡವೇ. ದಾರಿಯಲ್ಲಿ ಅಲ್ ವತ್ಬಾ ಓಟದ ಮೈದಾನದ ಹತ್ತಿರ ನಿಲ್ಲಿಸಿದೆವು. ತಾಲೀಮು ನಡೆದಿತ್ತು. ಕಂಬಳಿ ಹೊದ್ದ ಒಂಟೆಗಳ ಸಾಲು ನಡೆದು ಹೋಗುತ್ತಿತ್ತು. ಬೇಲಿಯೊಳಗೆ ನಾಲ್ಕೈದು ಓಡುತ್ತಿದ್ದವು, ಕತ್ತು ಮುಂದಕ್ಕೆ ಚಾಚಿ, ಉದ್ದ ಕಾಲು ಎತ್ತೆತ್ತಲೋ ಹೋದಂತೆ ಕಂಡರೂ ಬೆನ್ನು ಮಾತ್ರ ದೋಣಿಯ ಹಾಗೆ ಸಮ. ಪಕ್ಕದ ರಸ್ತೆಯಲ್ಲಿ ಲ್ಯಾಂಡ್ ಕ್ರೂಸರ್, ಕಿಟಕಿಯಿಂದ ರಿಮೋಟ್ ಹಿಡಿದ ಕೈ. ಬೆನ್ನ ಮೇಲೆ ರೇಷ್ಮೆ ಅಂಗಿಯ ಗೊಂಬೆ ಭರ್ರ್ ಅಂತ ಚಾವಟಿ ತಿರುಗಿಸುತ್ತಾ ಕುಪ್ಪಳಿಸುತ್ತಿತ್ತು. ಕಬ್ಬಿಣದ ಮೋಟರಾದರೂ ಆ ಕುಲುಕಾಟಕ್ಕೆ ಸ್ಕ್ರೂ ಸಡಿಲ ಆಗದೆ ಇರುತ್ತಾ ಅಂದುಕೊಂಡೆ. ಆಮೇಲೆ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ರೂಮಿಗೆ ಬಂದ ಮೇಲೆ

ಹಾಲು ಕಾಯಿಸಿ, ಆರಿಸಿ, ಅಂಗಡಿ ಮೊಸರಿನಿಂದ ಹೆಪ್ಪು ಹಾಕಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ನೀರು. ಇನ್ನೊಂದು ಚಮಚ ಹೆಪ್ಪು ಹಾಕಿ ಫ್ರಿಜ್ಜಿನ ಹಿಂದೆ ಬಿಸಿ ಜಾಗದಲ್ಲಿಟ್ಟೆ. ಸಂಜೆಗೆ ಹುಳಿ ಬಂತು, ಗಟ್ಟಿ ಆಗಲಿಲ್ಲ. ಹಾಲು ಗಟ್ಟಿಯಾಗಿ ಕಟ್ಟಿಕೊಳ್ಳೋಕೆ ಬೇಕಾದ ಒಂದು ಬಗೆಯ ಪ್ರೋಟೀನ್ ಒಂಟೆ ಹಾಲಿನಲ್ಲಿ ತೀರಾ ಕಮ್ಮಿಯಂತೆ. ಅವ್ವ ಒಪ್ಪಲಿಲ್ಲ. "ಹೆಪ್ಪು ಸಾಲಿಲ್ಲ, ಇಲ್ಲಾ ನೀ ಆರೋಕ ಬಿಡಲಿಲ್ಲ" ಅಂದಳು.

ಅಪ್ಪ ಫೋನ್ ಕಸಿದುಕೊಂಡ. "ದಿನಕ್ಕ ಎಷ್ಟ್ ಲೀಟರ್?"

"ಆರೇಳು."

"ಗಬ್ಬ ಎಷ್ಟ್ ತಿಂಗಳು?"

"ಹದಿಮೂರು."

ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಹದಿಮೂರ್ ತಿಂಗಳು ಮೇಯ್ಸಿ, ಮೊಸರೂ ಆಗಂಗಿಲ್ಲ ಅಂದ್ರ ನಮಗ್ಯಾಕ ಬೇಕಪಾ ಅದು, ಎಮ್ಮಿನ ಬೇಷಿ" ಅಂದು ಫೋನ್ ವಾಪಸ್ ಕೊಟ್ಟ.

ಅವ್ವನಿಗೆ ರೊಟ್ಟಿ ಒಂಟೆ ತಿಂದದ್ದು ಹೇಳಿದೆ, ನಕ್ಕಳು. ಆ ಭಾಯ್ ವಿಷಯವನ್ನೂ ಹೇಳಿದೆ, ರಾತ್ರಿ ರೊಟ್ಟಿ ಕೊಡದೇ ಇದ್ದದ್ದು. ಲೈನ್ ಕಟ್ಟಾಯಿತೇನೋ ಅಂದುಕೊಂಡು ಹಲೋ ಹಲೋ ಅಂದೆ. "ಇದೀನಿ" ಅಂದಳು. ಆಮೇಲೆ, ಊರಿಂದ ಯಾರು ಯಾವಾಗ ಬರ್ತಾರ ಹೇಳು, 50 ಜಾಸ್ತಿ ಬಡಿತೀನಿ, ಅಂವಗ ಮುಟ್ಟಸು ಅಂದಳು. ಪುತ್ತೂರಿನ ಅಣ್ಣನಿಗೆ ಹೇಳಿಟ್ಟಿದ್ದೇನೆ. ಈ ಸಲ ರೊಟ್ಟಿ ಗಂಟು ಪಿಕಪ್ ಹಿಂದೆ ಇಡೋ ಹಾಗಿಲ್ಲ, ಮುಂದಿನ ಸೀಟಿನಲ್ಲೇ, ಗಾಜು ಏರಿಸಿ.